ಸಾಲಿನಲ್ಲಿ ಎಷ್ಟು ಹೊತ್ತು ಕಾದಿರಿ?

ದೇವಸ್ಥಾನದಲ್ಲಿ ದರ್ಶನಕ್ಕೆ ಜನ ಸರಾಸರಿ ಎಷ್ಟು ಹೊತ್ತು ಕಾಯುತ್ತಾರೆ ಅಂತ ತಿಳಿಯಬೇಕು. ಪ್ರತಿಯೊಬ್ಬರ ಹೆಸರು, ಒಳಹೋದ ಹೊತ್ತು, ಹೊರಬಂದ ಹೊತ್ತು ಬರೆಯುತ್ತಾ ಕೂತರೆ ಪುಸ್ತಕ ಸಾಲುವುದಿಲ್ಲ.

ಇಂಟರ್ನೆಟ್ಟಿನ ಮಾಹಿತಿಗೆ ದಾರಿ ತೋರಿಸುವ ಯಂತ್ರ ರೂಟರ್. ತನ್ನ ಮೂಲಕ ಹೋಗುವ ಮಾಹಿತಿಯ ತುಣುಕುಗಳು, ಅಂದರೆ ಪ್ಯಾಕೆಟ್‌ಗಳು, ಎಷ್ಟು ತಡವಾಗುತ್ತವೆ ಅಂತ ಅಳೆಯಲು ಅದಕ್ಕೂ ಇದೇ ಕಷ್ಟ. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ಕೇಬಲ್‌ನಲ್ಲಿ ಬರೀ ಚಿಕ್ಕ ಪ್ಯಾಕೆಟ್‌ಗಳೇ ಬಂದರೆ, ಸೆಕೆಂಡಿಗೆ ಸುಮಾರು ಒಂದೂವರೆ ಕೋಟಿ ದಾಟುತ್ತವೆ. ಒಂದೊಂದಕ್ಕೆ ಸಿಗುವುದು 67 ನ್ಯಾನೊಸೆಕೆಂಡ್. ಅಷ್ಟರಲ್ಲಿ ಏನು ಬರೆದುಕೊಳ್ಳುತ್ತೀರಿ?

ತಡ ಅಳೆಯಲು 1983ರಲ್ಲಿ ಮೈಕ್ ಮೂಸ್ ಬರೆದ ಪಿಂಗ್ ಅನ್ನುವ ಪ್ರೋಗ್ರಾಂ ಇದೆ, ಅಲ್ವಾ? ಇದೆ. ಆದರೆ ಅದು ತನ್ನದೇ ಪ್ಯಾಕೆಟ್ ಕಳಿಸಿ, ಹೋಗಿಬಂದ ಸಮಯ ಹೇಳುತ್ತದೆ. ತಡವಾಗಿದ್ದು ಹೋಗುವಾಗಲೋ ಬರುವಾಗಲೋ ಗೊತ್ತಾಗುವುದಿಲ್ಲ. ಎರಡು ಪಿಂಗ್‌ಗಳ ನಡುವೆ ಕೆಲವೇ ಮಿಲಿಸೆಕೆಂಡ್ ಜಾಮ್ ಆಗಿ ಬಿಟ್ಟರೆ ಅದರ ಸುಳಿವೇ ಇಲ್ಲ. ಮೈಕ್ರೊಸೆಕೆಂಡ್‌ಗೆ ಬಡಿದಾಡುವ ಷೇರು ವ್ಯಾಪಾರದ ಕಂಪ್ಯೂಟರ್‌ಗಳಿಗೆ ಇದು ಸಾಲದು.

2009ರಲ್ಲಿ ರಮಣ ಕೊಂಪೆಲ್ಲ, ಕಿರಿಲ್ ಲೆವ್ಚೆಂಕೊ, ಅಲೆಕ್ಸ್ ಸ್ನೋರನ್, ಜಾರ್ಜ್ ವರ್ಗೀಸ್ ಒಂದು ಉಪಾಯ ಮುಂದಿಟ್ಟರು. ಹೆಸರು ಲಾಸಿ ಡಿಫರೆನ್ಸ್ ಅಗ್ರಿಗೇಟರ್. ಹೆಸರು ಭಾರ, ಲೆಕ್ಕ ಹಗುರ.

ಬಾಗಿಲಲ್ಲಿ ಒಬ್ಬ ನಿಂತು, ಜನ ಒಳಹೋದ ನಿಮಿಷಗಳನ್ನು ಸುಮ್ನೆ ಕೂಡುತ್ತಾ ಹೋಗಲಿ: 10, 12, 14. ಮೊತ್ತ 36. ಆಚೆ ಬಾಗಿಲಲ್ಲಿ ಇನ್ನೊಬ್ಬ ಹೊರಬಂದ ನಿಮಿಷ ಕೂಡಲಿ: 30, 34, 35. ಮೊತ್ತ 99. 99ರಲ್ಲಿ 36 ಕಳೆದರೆ 63. ಮೂವರಿಗೆ ಹಂಚಿದರೆ 21 ನಿಮಿಷ. ಯಾರು ಮೊದಲು ಬಂದರು, ಯಾರು ನುಗ್ಗಿದರು ಅನ್ನುವುದೇ ಬೇಡ. ಇಬ್ಬರ ಗಡಿಯಾರ ಮಾತ್ರ ಒಂದೇ ಸಮಯ ತೋರಿಸಬೇಕು.

ಒಬ್ಬರು ಕಾಫಿ ಕುಡಿಯಲು ಅಂತ ಸಾಲು ಬಿಟ್ಟು ಹೋದರೆ? ಲೆಕ್ಕವೆಲ್ಲ ಕೆಟ್ಟಿತು. ನೆಟ್‌ವರ್ಕ್‌ನಲ್ಲಿ ಪ್ಯಾಕೆಟ್ ಕಳೆದುಹೋಗುವುದು ದಿನನಿತ್ಯದ ಮಾತು. ಜಾಣತನ ಇರುವುದು ಇಲ್ಲೇ. ಒಂದೇ ಮೊತ್ತದ ಬದಲು ಹತ್ತು ಡಬ್ಬಿ ಇಡಿ, ಒಂದೊಂದರಲ್ಲೂ ಬೇರೆ ಮೊತ್ತ, ಬೇರೆ ತಲೆ ಎಣಿಕೆ. ಬಂದವರ ಫೋನ್ ನಂಬರಿನ ಕೊನೆಯ ಅಂಕಿ ನೋಡಿ ಯಾವ ಡಬ್ಬಿ ಅಂತ ತೀರ್ಮಾನಿಸಿ. ಎರಡೂ ಬಾಗಿಲಲ್ಲಿ ಅದೇ ನಿಯಮ ಇರುವುದರಿಂದ ಕಾವಲುಗಾರರು ಮಾತಾಡಿಕೊಳ್ಳಬೇಕಿಲ್ಲ. ಕೊನೆಗೆ ಎರಡು ಬಾಗಿಲಿನ ತಲೆ ಎಣಿಕೆ ಹೊಂದದ ಡಬ್ಬಿ ಬಿಸಾಡಿ, ಉಳಿದ ಒಂಬತ್ತು ಇಟ್ಟುಕೊಳ್ಳಿ. ಫೋನ್ ನಂಬರಿನ ಜಾಗದಲ್ಲಿ ರೂಟರ್ ಪ್ಯಾಕೆಟ್‌ನ ಒಳಗಿರುವುದನ್ನೇ ಹ್ಯಾಶ್ ಮಾಡುತ್ತದೆ, ಅಂದರೆ ಅದರಿಂದ ಒಂದು ಸಂಖ್ಯೆ ಲೆಕ್ಕ ಹಾಕುತ್ತದೆ. ನಷ್ಟ ಜಾಸ್ತಿಯಾಗಿ ಎಲ್ಲ ಡಬ್ಬಿಯೂ ಕೆಡುವ ಹಾಗಿದ್ದರೆ, ಎಲ್ಲ ಪ್ಯಾಕೆಟ್ ಹಾಕದೆ ಕೆಲವನ್ನಷ್ಟೇ ಆರಿಸಿ ಹಾಕುತ್ತಾರೆ.

ಸರಾಸರಿ ಮೋಸ ಮಾಡುತ್ತದೆ, ನಿಜ. ಒಂಬತ್ತು ಮಂದಿ 1 ನಿಮಿಷ, ಒಬ್ಬರು 201 ನಿಮಿಷ ಕಾದರೂ ಸರಾಸರಿ 21 ನಿಮಿಷವೇ. ಅದಕ್ಕೂ ದಾರಿ ಇದೆ. ಅದೇ ಡಬ್ಬಿಗಳನ್ನು ಕೆಲವು ಕೂಡಿ, ಕೆಲವು ಕಳೆದು, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಏರುಪೇರು ಎಷ್ಟು ಅನ್ನುವ ಅಂದಾಜು ಸಿಗುತ್ತದೆ. 201 ನಿಮಿಷ ನಿಂತವರು ಯಾರು ಅಂತ ಕೇಳಿದರೆ ಮಾತ್ರ ಉತ್ತರವಿಲ್ಲ. ಹೆಸರು ಬರೆದುಕೊಂಡೇ ಇಲ್ಲವಲ್ಲ.