ಕಾವ್ಯನಾಮ ಮುಖಪುಟದ ಮೇಲಿರಲಿ, ಒಪ್ಪಂದದಲ್ಲಲ್ಲ

ಕಾವ್ಯನಾಮದಲ್ಲಿ ಹಸ್ತಪ್ರತಿ ಕಳಿಸುವ ಲೇಖಕರಿಗೆ ಸಂಪಾದಕಿಯಾಗಿ ನಾನು ಮೊದಲು ಕೇಳುವ ಪ್ರಶ್ನೆ ಇದು: ಈ ಹೆಸರು ನಿಮ್ಮನ್ನು ಮರೆಮಾಡಬೇಕೋ, ಜನರ ನೆನಪಿನಲ್ಲಿ ಉಳಿಸಬೇಕೋ? ಮುಂದಿನ ಕಾಗದಪತ್ರವೆಲ್ಲ ಆ ಉತ್ತರದ ಮೇಲೆ ನಿಂತಿರುತ್ತದೆ.

ಸಂಗೀತಗಾರರಲ್ಲಿ ಹೆಚ್ಚಿನವರಿಗೆ ಬೇಕಾಗುವುದು ಎರಡನೆಯದು. ಡೇವಿಡ್ ಜೋನ್ಸ್ ಎಂಬ ಯುವಕ 1965ರಲ್ಲಿ ಡೇವಿಡ್ ಬೋವೀ ಆದದ್ದು, ಡೇವಿ ಜೋನ್ಸ್ ಎಂಬ ಇನ್ನೊಬ್ಬ ಗಾಯಕನ ಜೊತೆ ಗೊಂದಲವಾಗಬಾರದೆಂದು. ಅಲ್ಲಿ ಗುಟ್ಟೇನೂ ಇರಲಿಲ್ಲ.

ಇಂಗ್ಲೆಂಡಿನ ಲೇಖಕಿಯರಾದ ಬ್ರಾಂಟೆ ಸೋದರಿಯರಿಗೆ ಬೇಕಿದ್ದದ್ದು ಮರೆ. 1846ರಲ್ಲಿ ಶಾರ್ಲೆಟ್, ಎಮಿಲಿ, ಆನ್ ಮೂವರೂ ಕ್ರಮವಾಗಿ ಕರರ್, ಎಲಿಸ್, ಆಕ್ಟನ್ ಬೆಲ್ ಎಂಬ ಹೆಸರುಗಳಲ್ಲಿ ಕವಿತೆ ಪ್ರಕಟಿಸಿದರು. ಗಂಡೋ ಹೆಣ್ಣೋ ಎಂದು ಖಚಿತವಾಗದ ಹೆಸರುಗಳವು; ಹೆಂಗಸರ ಬರಹವನ್ನು ಪೂರ್ವಗ್ರಹದಿಂದ ನೋಡುತ್ತಾರೆಂಬ ಅಳುಕು ಇತ್ತೆಂದು ಶಾರ್ಲೆಟ್ ಆಮೇಲೆ ಬರೆದಳು. ಅಳುಕು ನ್ಯಾಯವಾದದ್ದೇ. ಆದರೆ 1848ರಲ್ಲಿ ಆನಳ ಪ್ರಕಾಶಕ ಅವಳ ಹೊಸ ಕಾದಂಬರಿಯನ್ನು ಹೆಚ್ಚು ಹೆಸರುವಾಸಿಯಾಗಿದ್ದ ಕರರ್ ಬೆಲ್‌ನದೇ ಎಂಬಂತೆ ಅಮೆರಿಕಕ್ಕೆ ಮಾರಹೊರಟ. ಶಾರ್ಲೆಟ್, ಆನ್ ಇಬ್ಬರೂ ರಾತ್ರಿ ರೈಲು ಹತ್ತಿ ಲಂಡನ್ನಿಗೆ ಹೋಗಬೇಕಾಯಿತು. ಶಾರ್ಲೆಟ್ ತನ್ನ ಪ್ರಕಾಶಕನ ಕೈಗೆ ಅವನೇ ಕರರ್ ಬೆಲ್‌ಗೆ ಬರೆದಿದ್ದ ಪತ್ರವನ್ನು ಇಟ್ಟಾಗ, ಇದು ನಿಮಗೆಲ್ಲಿ ಸಿಕ್ಕಿತು ಎಂದು ಅವನು ಕೇಳಿದನಂತೆ.

ಇಂಥ ಪರದಾಟ ಇಂದು ಬೇಕಿಲ್ಲ. ಒಪ್ಪಂದ ನಿಜನಾಮದಲ್ಲೇ ಆಗಲಿ. ಕಾವ್ಯನಾಮವನ್ನೂ, ಗುಟ್ಟು ಯಾರಿಗೆಲ್ಲ ತಿಳಿದಿರಬಹುದು ಎಂಬುದನ್ನೂ ಅದರಲ್ಲೇ ಬರೆಸಿ. ಪತ್ತೇದಾರಿ ಕಾದಂಬರಿಕಾರ ರಾಬರ್ಟ್ ಗಾಲ್‌ಬ್ರೆತ್ ಎಂದರೆ ಹ್ಯಾರಿ ಪಾಟರ್ ಬರೆದ ಜೆ. ಕೆ. ರೌಲಿಂಗ್ ಎಂಬುದು 2013ರಲ್ಲಿ ಬಯಲಾದದ್ದು ವಕೀಲರೊಬ್ಬರ ಖಾಸಗಿ ಮಾತಿನಿಂದ.

ಹಕ್ಕುಸ್ವಾಮ್ಯದ ಲೆಕ್ಕವನ್ನಂತೂ ಬಹಳ ಮಂದಿ ಯೋಚಿಸುವುದೇ ಇಲ್ಲ. ಹಕ್ಕುಸ್ವಾಮ್ಯದ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ಸಾಮಾನ್ಯವಾಗಿ ಲೇಖಕರ ಜೀವಿತಾವಧಿ ಮತ್ತು ಆಮೇಲೆ ಕನಿಷ್ಠ 50 ವರ್ಷ ರಕ್ಷಣೆ ಉಂಟು. ಲೇಖಕರು ಯಾರೆಂದು ತಿಳಿಯದ ಕಾವ್ಯನಾಮದ ಕೃತಿಗಾದರೆ ಆ 50 ವರ್ಷದ ಎಣಿಕೆ ಪ್ರಕಟಣೆಯಿಂದಲೇ ಶುರು. ಇಪ್ಪತ್ತೈದರ ವಯಸ್ಸಿನಲ್ಲಿ ಬರೆದವರು ಎಪ್ಪತ್ತೈದರಲ್ಲಿ ಬದುಕಿದ್ದಾಗಲೇ ಹಕ್ಕು ಮುಗಿದುಹೋಗಬಹುದು. ಆ ಅವಧಿಯೊಳಗೆ ಗುರುತು ಬಹಿರಂಗಪಡಿಸಿದರೆ ಮಾಮೂಲಿ ಅವಧಿಯೇ ಸಿಗುತ್ತದೆ. ಅವಧಿ ಎಷ್ಟೆಂಬುದು ದೇಶದಿಂದ ದೇಶಕ್ಕೆ ಬೇರೆ, ವಿಚಾರಿಸಿಕೊಳ್ಳಿ.

ಹಾಡು ಬರೆಯುವವರು ರಾಯಧನ ಸಂಸ್ಥೆಯಲ್ಲಿ ನಿಜನಾಮದ ಜೊತೆ ವೇದಿಕೆಯ ಹೆಸರನ್ನೂ ನೋಂದಾಯಿಸಬೇಕು. ಹಾಡಿನ ಹಕ್ಕುದಾರರನ್ನು ಗುರುತಿಸಲು ಇಂಥ ಸಂಸ್ಥೆಗಳು ಬಳಸುವ ಐಪಿಐ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಪ್ರತಿ ಹೆಸರಿಗೂ 11 ಅಂಕಿಯ ಸಂಖ್ಯೆ ಇರುತ್ತದೆ. ಎಲ್ಲವೂ ಒಬ್ಬರೇ ವ್ಯಕ್ತಿಗೆ ಜೋಡಣೆಯಾಗಿರುತ್ತವೆ. ಹೊಸ ಹೆಸರಿನಲ್ಲಿ ಮೊದಲ ಹಾಡು ಹೊರಬರುವ ಮುನ್ನವೇ ಇದನ್ನು ಮಾಡಿಸಿ, ತಡವಾದರೆ ಹಣ ಯಾರದೆಂದು ತಿಳಿಯದೆ ಅಲ್ಲೇ ಉಳಿದುಬಿಡಬಹುದು.