ಉದ್ರಿ ವಹಿಯಿಂದ ಕುಕಿಯವರೆಗೆ

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ನಾವು ಚಿಕ್ಕವರಿದ್ದಾಗ ಸಂತೆ ಸಾಮಾನು ತರುತ್ತಿದ್ದ ಕಿರಾಣಿ ಅಂಗಡಿಯಲ್ಲಿ ಕೆಂಪು ಬಟ್ಟೆಯ ಹೊದಿಕೆಯ ಉದ್ರಿ ವಹಿ ಒಂದಿತ್ತು. ಯಾರ ಮನೆಗೆ ಎಷ್ಟು ಸಕ್ಕರೆ ಹೋಯಿತು, ಯಾರ ಬಾಕಿ ಎಷ್ಟು ತಿಂಗಳಿನದು ಎಂಬುದೆಲ್ಲ ಅದರಲ್ಲಿತ್ತು. ನಮ್ಮ ಲೆಕ್ಕ ಬರೆಯುವಾಗ ಹಿಂದೆ ನಿಂತವರು ಇಣುಕಿದರೆ ಅಂಗಡಿಯ ಕಾಕಾ ಮೇಲಿನ ಸಾಲುಗಳ ಮೇಲೆ ಅಂಗೈ ಇಡುತ್ತಿದ್ದರು. ಹಾಗೆ ಮಾಡಿ ಎಂದು ಅವರಿಗೆ ಯಾವ ಕಾನೂನೂ ಹೇಳಿರಲಿಲ್ಲ.

ಈಗ ಬ್ಯಾಡಗಿಯ ಮೆಣಸಿನಪುಡಿ, ಬೆಟಗೇರಿಯ ಸೀರೆ, ಧಾರವಾಡದ ಪೇಢೆ ಎಲ್ಲವೂ ವೆಬ್‌ಸೈಟಿನಲ್ಲಿ ಸಿಗುತ್ತವೆ. ಅಲ್ಲಿಯೂ ವಹಿ ಇದೆ. ಆದರೆ ಅದರ ಒಂದೊಂದು ಚೀಟಿ ಗಿರಾಕಿಯ ಮೊಬೈಲಿನಲ್ಲೇ ಕೂತಿರುತ್ತದೆ. ಅದರ ಹೆಸರು ಕುಕಿ.

ವೆಬ್‌ಗೆ ಹುಟ್ಟಿನಿಂದ ನೆನಪಿರಲಿಲ್ಲ. ಒಂದು ಪುಟದಲ್ಲಿ ಸೀರೆ ಆರಿಸಿ ಮುಂದಿನ ಪುಟಕ್ಕೆ ಹೋದರೆ, ಪುಟಗಳನ್ನು ಕಳಿಸುವ ಆಚೆ ಕಡೆಯ ಕಂಪ್ಯೂಟರ್‌ಗೆ, ಅಂದರೆ ಸರ್ವರ್‌ಗೆ, ನೀವು ಮತ್ತೆ ಅಪರಿಚಿತರು. 1994ರಲ್ಲಿ, ವೆಬ್ ಪುಟ ತೆರೆಯುವ ತಂತ್ರಾಂಶ ಅಂದರೆ ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಸರ್ವರ್ ಒಂದು ಚಿಕ್ಕ ಗುರುತನ್ನು ಬ್ರೌಸರ್‌ಗೆ ಕೊಡುತ್ತದೆ, ಬ್ರೌಸರ್ ಅದನ್ನು ಇಟ್ಟುಕೊಂಡು ಮುಂದಿನ ಸಲ ಹೋದಾಗ ತೋರಿಸುತ್ತದೆ. ಖರೀದಿಯ ಬುಟ್ಟಿಯಲ್ಲಿ ಏನಿದೆ ಎಂದು ನೆನಪಿಡಲು ಹುಟ್ಟಿದ ಈ ಉಪಾಯದಲ್ಲಿ ತಪ್ಪೇನೂ ಇರಲಿಲ್ಲ. ಗುರುತು ಕೊಟ್ಟ ಅಂಗಡಿಯೇ ಅದನ್ನು ಓದುತ್ತಿತ್ತು.

ದಾರಿ ತಪ್ಪಿದ್ದು ಜಾಹೀರಾತಿನಿಂದ. ಒಂದು ಪುಟದೊಳಗೆ ಬೇರೆ ಕಂಪನಿಯ ಚಿತ್ರವನ್ನು ಕೂರಿಸಿದರೆ ಆ ಕಂಪನಿಯೂ ತನ್ನ ಕುಕಿ ಇಡಬಹುದಿತ್ತು. ಅದೇ ಚಿತ್ರ ಸಾವಿರ ಸೈಟುಗಳಲ್ಲಿದ್ದರೆ, ನೀವು ಸಾವಿರ ಅಂಗಡಿಗಳಲ್ಲಿ ಎಲ್ಲೆಲ್ಲಿ ನಿಂತಿರಿ ಎಂಬುದು ಒಬ್ಬನ ಕೈಗೇ ಸಿಗುತ್ತದೆ. ಅಪಾಯ ಆಗಲೇ ಕಂಡಿತ್ತು. 1997ರ ಫೆಬ್ರುವರಿಯಲ್ಲಿ ಬಂದ ಕುಕಿಗಳ ಮೊದಲ ತಾಂತ್ರಿಕ ಮಾನದಂಡವೇ ಇಂಥ ಹೊರಗಿನವರ ಕುಕಿಗಳನ್ನು ತಾನಾಗಿ ಒಪ್ಪಬೇಡಿ ಎಂದಿತ್ತು. ಆಗಿನ ದೊಡ್ಡ ಬ್ರೌಸರ್‌ಗಳು ಅದನ್ನು ಪಾಲಿಸಲಿಲ್ಲ. ಈ ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ನೋಯಿಸುವ ಘಟ್ಟ ಇದು. ಬಾಗಿಲು ಹಾಕಲು ಸಾಧ್ಯವಿದ್ದ ಹೊತ್ತಿನಲ್ಲಿ ಯಾರೂ ಹಾಕಲಿಲ್ಲ. ಆಪಲ್‌ನ ಸಫಾರಿ ಬ್ರೌಸರ್ ಹೊರಗಿನವರ ಕುಕಿಗಳನ್ನು ಪೂರ್ತಿ ತಡೆದದ್ದು 2020ರಲ್ಲಿ.

ಯುರೋಪು 2002ರಲ್ಲಿ ಕುಕಿಗಳ ಬಗ್ಗೆ ನಿಯಮ ತಂದಿತು, 2009ರಲ್ಲಿ ಬಿಗಿ ಮಾಡಿತು. 2018ರ ಮೇ 25ರಂದು ಅಲ್ಲಿ ಜಿಡಿಪಿಆರ್ ಎಂಬ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು ಜಾರಿಯಾಯಿತು. ‘ಒಪ್ಪುತ್ತೇನೆ’ ಎಂಬ ಗುಂಡಿ ಎಲ್ಲೆಡೆ ಕಾಣಿಸಿಕೊಂಡದ್ದು ಆ ನಂತರ.

ನಮ್ಮಲ್ಲಿ ಈ ಕಥೆಯ ತಿರುವಿನಲ್ಲಿ ನಿಂತವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ದತ್ತಾಂಶ ರಕ್ಷಣೆಗೆಂದು ತಂದ 2019ರ ಮಸೂದೆ 2022ರಲ್ಲಿ ವಾಪಸಾಗಿ, ಕೊನೆಗೆ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಅವಕಾಶವಿದೆ, ಅಂದರೆ 2027ರ ಮೇ ತಿಂಗಳವರೆಗೆ.

ಕಾಯ್ದೆಯಲ್ಲಿ ಕುಕಿ ಎಂಬ ಪದವೇ ಇಲ್ಲ. ವ್ಯಕ್ತಿಯನ್ನು ಗುರುತಿಸಬಲ್ಲ ಮಾಹಿತಿ ಯಾವುದಾದರೂ ಅದರ ವ್ಯಾಪ್ತಿಗೆ ಬರುತ್ತದೆ. ಏನು ಸಂಗ್ರಹಿಸುತ್ತೀರಿ, ಏಕೆ ಎಂದು ಮೊದಲೇ ತಿಳಿಸಬೇಕು. ಆ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಗಿರಾಕಿಗೆ ಇರಬೇಕು, ಅಂದರೆ ಕನ್ನಡದಲ್ಲಿಯೂ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ಸೈಟು ಮಾಡಿಕೊಟ್ಟವರು ಯಾರೇ ಇರಲಿ, ಅಂಗಡಿಯ ಪರವಾಗಿ ನಡೆಯುವ ಕೆಲಸಕ್ಕೆ ಅಂಗಡಿಯೇ ಹೊಣೆ. ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಚಿಕ್ಕ ಅಂಗಡಿಯವರು ಈ ಅಂಕಿಗೆ ಹೆದರಬೇಕಿಲ್ಲ, ತಪ್ಪಿನ ಸ್ವರೂಪ ಮತ್ತು ಗಂಭೀರತೆ ನೋಡಿಯೇ ದಂಡ ನಿಗದಿಯಾಗುತ್ತದೆ.

ಇತ್ತೀಚೆಗೆ ಬ್ಯಾಡಗಿಯ ಪರಿಚಯದ ವ್ಯಾಪಾರಿಯೊಬ್ಬರ ಸೈಟನ್ನು ಅವರ ಜೊತೆಯಲ್ಲೇ ಕೂತು ತೆರೆದೆ. ವಿಳಾಸದ ಪಕ್ಕದ ಚಿಹ್ನೆ ಒತ್ತಿದಾಗ ಕುಕಿಗಳ ಪಟ್ಟಿ ಬಂತು. ಬುಟ್ಟಿಯದು ಒಂದು, ಲಾಗಿನ್‌ನದು ಒಂದು. ಅವೆರಡರ ಕೆಳಗೆ ಮೆಟಾ ಪಿಕ್ಸೆಲ್, ಅಂದರೆ ಗಿರಾಕಿಗಳ ಓಡಾಟವನ್ನು ಫೇಸ್‌ಬುಕ್‌ನ ಕಂಪನಿ ಮೆಟಾಗೆ ತಿಳಿಸುವ ಕೋಡ್, ಇಟ್ಟದ್ದು, 90 ದಿನ ಬಾಳುವಂಥದ್ದು. ಹಿಂದೊಮ್ಮೆ ದೀಪಾವಳಿಯ ಜಾಹೀರಾತಿಗೆಂದು ಹಾಕಿಸಿದ್ದನ್ನು ಯಾರೂ ತೆಗೆದಿರಲಿಲ್ಲ. “ಇದು ನಮ್ಮ ಗಿರಾಕಿಗಳದ್ದು ಅವರಿಗೆ ಹೇಳುತ್ತದೆಯೇ?” ಎಂದು ಕೇಳಿದರು. ಹೌದು, ಅರ್ಧ ಕಿಲೋ ಪುಡಿಯ ಪುಟ ನೋಡಿ ಸುಮ್ಮನೆ ಹೋದವರದ್ದೂ ಹೇಳುತ್ತದೆ ಎಂದೆ. ಅವರ ಮುಖ ಸಪ್ಪಗಾಯಿತು.

ಅಂದೇ ಪಿಕ್ಸೆಲ್ ತೆಗೆಸಿದರು. ಆರ್ಡರ್ ಫಾರ್ಮಿನಲ್ಲಿ ಹುಟ್ಟಿದ ದಿನಾಂಕದ ಕಲಂ ಕಂಡು, ಮೆಣಸಿನಪುಡಿ ಕಳಿಸಲು ಇದೇಕೆ ಎಂದು ತಾವೇ ಅದನ್ನೂ ಅಳಿಸಲು ಹೇಳಿದರು. ಕೊನೆಗೆ ಪುಟದ ಅಡಿಗೆ ಕನ್ನಡದಲ್ಲಿ ಬರೆಸಿದ ಸಾಲುಗಳು ಇವು: ‘ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಪಾರ್ಸೆಲ್ ಕಳಿಸುವುದಕ್ಕೆ ಮಾತ್ರ. ಬೇರೆಯವರಿಗೆ ಮಾರುವುದಿಲ್ಲ. ಅಳಿಸಬೇಕೆಂದರೆ ಈ ನಂಬರಿಗೆ ಫೋನ್ ಮಾಡಿ.’ ಕಾಯ್ದೆ ಕೇಳುವ ಸೂಚನೆ ಇದಕ್ಕಿಂತ ದೊಡ್ಡದು, ಅದನ್ನು ಬರೆಯುವುದು ಇನ್ನೂ ಬಾಕಿ ಇದೆ. ಮುಂದಿನ ವಾರ ಮತ್ತೆ ಬ್ಯಾಡಗಿಗೆ ಹೋಗುತ್ತಿದ್ದೇನೆ.