ಶಿಖರದಿಂದ ನ್ಯಾಯಪೀಠಕ್ಕೆ, ನ್ಯಾಯಪೀಠದಿಂದ ಭೂಗತಕ್ಕೆ: ನಾರ್ವೆಯ ಒಂದು ರಾಜೀನಾಮೆಯ ಹಿನ್ನೆಲೆ

ಪರ್ವತಾರೋಹಣದ ಇತಿಹಾಸ ಬರೆಯುವವರು ಫರ್ಡಿನಾಂಡ್ ಶೆಲ್ಡೆರುಪ್ ಅವರನ್ನು 1910ರ ಬೇಸಿಗೆಯಲ್ಲಿ ಬಿಟ್ಟುಬಿಡುತ್ತಾರೆ. ನ್ಯಾಯಾಂಗದ ಇತಿಹಾಸ ಬರೆಯುವವರಿಗೆ ಅವರು ಸಿಗುವುದೇ 1940ರ ಚಳಿಗಾಲದಲ್ಲಿ. ಹಿಟ್ಲರನ ಆಕ್ರಮಣದ ಆ ವರ್ಷ ನಾರ್ವೆಯ ಸುಪ್ರೀಂ ಕೋರ್ಟ್ ಒಟ್ಟಾಗಿ ರಾಜೀನಾಮೆ ಕೊಟ್ಟಿತು. ಕೊಟ್ಟವರಲ್ಲಿ ಶೆಲ್ಡೆರುಪ್ ಕೂಡ ಒಬ್ಬರು. ‘ನಾಜಿಗಳಿಗೆ ತಲೆಬಾಗದ ನ್ಯಾಯಾಲಯ’ ಎಂಬ ಒಂದು ಸಾಲಿನಲ್ಲಿ ಈ ಪ್ರಕರಣವನ್ನು ಮುಗಿಸುವುದು ರೂಢಿ. ಆದರೆ ಏಪ್ರಿಲ್‌ನಲ್ಲಿ ಬಂದ ಆಕ್ರಮಣಕಾರರಿಗೆ ಡಿಸೆಂಬರ್‌ನಲ್ಲಿ ‘ಇಲ್ಲ’ ಎಂದದ್ದು ಏಕೆ ಎಂಬ ಪ್ರಶ್ನೆ ಆ ಸಾಲಿನಲ್ಲಿ ಕಾಣುವುದಿಲ್ಲ.

ಶೆಲ್ಡೆರುಪ್ ಹುಟ್ಟಿದ್ದು 1886ರಲ್ಲಿ. ಅವರು ಬೆಳೆಯುವ ಹೊತ್ತಿಗೆ ನಾರ್ವೆಯ ದೊಡ್ಡ ಶಿಖರಗಳ ಕೀರ್ತಿ ಬಹುಪಾಲು ಬ್ರಿಟಿಷರ ಪಾಲಾಗಿತ್ತು. ವಿಲಿಯಂ ಸೆಸಿಲ್ ಸ್ಲಿಂಗ್ಸ್‌ಬಿ 1876ರಲ್ಲೇ ಸ್ಟೋರೆ ಸ್ಕಾಗಸ್ಟೋಲ್ಸ್‌ಟಿಂಡ್ ಏರಿದ್ದರು. 1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾಯಿತು, 1908ರಲ್ಲಿ ನಾರ್ವೆಯವರದೇ ಆರೋಹಿಗಳ ಸಂಘ ಹುಟ್ಟಿತು. ಉತ್ತರದಲ್ಲಿ ಸಮುದ್ರದಂಚಿನಿಂದ ನೇರವಾಗಿ ಮೇಲೆದ್ದಿರುವ ಸ್ಟೇಟಿಂಡ್ ಮಾತ್ರ ಯಾರಿಗೂ ದಕ್ಕಿರಲಿಲ್ಲ. ಎತ್ತರ ಸುಮಾರು 1,390 ಮೀಟರ್. ಹಿಮಾಲಯ ಕಂಡವರಿಗೆ ಅದು ಲೆಕ್ಕಕ್ಕಿಲ್ಲದ ಎತ್ತರ. ಆದರೂ ಜರ್ಮನಿಯ ಪೌಲ್ ಗ್ಯೂಸ್‌ಫೆಲ್ಟ್, ಡೆನ್ಮಾರ್ಕಿನ ಕಾರ್ಲ್ ಹಾಲ್, ಕೊನೆಗೆ ಸ್ವತಃ ಸ್ಲಿಂಗ್ಸ್‌ಬಿ, ಮೂವರೂ ಬರಿಗೈಯಲ್ಲಿ ಹಿಂದಿರುಗಿದ್ದರು. ಶಿಖರಕ್ಕೆ ಮುನ್ನ ಕತ್ತಿಯಲುಗಿನಂತಹ ಏಣೊಂದಿದೆ. ಅದರ ಮೇಲೆ ಬೆಲ್ಲದ ಅಚ್ಚಿನಂತೆ ಕೂತ ಬಂಡೆಗೆ ಅಲ್ಲಿನವರು ತಮ್ಮ ಕಂದು ಗಿಣ್ಣಿನ ಹೆಸರನ್ನೇ ಇಟ್ಟು ‘ಮೀಸೋಸ್ಟೆನ್’ ಎನ್ನುತ್ತಾರೆ. 1910ರ ಜುಲೈ 30ರಂದು ಅದನ್ನು ದಾಟಿದವರು ಮೂವರು: ಶೆಲ್ಡೆರುಪ್, ಮುಂದೆ ಪತ್ತೇದಾರಿ ಕಾದಂಬರಿಗಳನ್ನೂ ಬರೆದ ಆಲ್ಫ್ ಬೊನೆವಿ ಬ್ರೂನ್, ಮತ್ತು 1907ರಲ್ಲಿ ಸಿಕ್ಕಿಂ ಗಡಿಯ ಕಾಬ್ರು ಶಿಖರದ ತುದಿಯ ಹತ್ತಿರದವರೆಗೆ ಹೋಗಿಬಂದಿದ್ದ ಕಾರ್ಲ್ ವಿಲ್ಹೆಲ್ಮ್ ರುಬೆನ್ಸನ್. ಬಂಡೆಯ ಮೇಲೆ ಮುಂದಾಳಾಗಿದ್ದ ರುಬೆನ್ಸನ್ ಹುಟ್ಟಿದ್ದು ಸ್ಟಾಕ್‌ಹೋಮಿನಲ್ಲಿ. ಸ್ವೀಡನ್ನಿನಿಂದ ಬಿಡುಗಡೆ ಪಡೆದ ಐದೇ ವರ್ಷಕ್ಕೆ ಒದಗಿಬಂದ ಈ ರಾಷ್ಟ್ರೀಯ ಹೆಮ್ಮೆಯಲ್ಲಿ ಆ ವಿವರ ತುಸು ಮರೆಯಾಗಿಯೇ ಉಳಿಯಿತು. ಅದೇ ಬೇಸಿಗೆಯಲ್ಲಿ ಇವರು ಲೋಫೋಟೆನ್ ದ್ವೀಪಗಳ ಎರಡು ಕೊಂಬಿನ ಬಂಡೆ ಸ್ವೋಲ್ವೇರ್‌ಯೈಟಾವನ್ನೂ ಏರಿದರು.

ಶೆಲ್ಡೆರುಪ್ ಕಾನೂನು ಓದಿ, ವೃತ್ತಿಯಲ್ಲಿ ಮೇಲೇರಿ, 1920ರ ದಶಕ ಮುಗಿಯುವ ಮೊದಲೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

1940ರ ಏಪ್ರಿಲ್ 9ರಂದು ಜರ್ಮನ್ ಸೇನೆ ನುಗ್ಗಿತು. ರಾಜನೂ ಸರ್ಕಾರವೂ ಓಸ್ಲೋ ಬಿಟ್ಟರು. ಅದೇ ಸಂಜೆ ನಾರ್ವೆಯ ನಾಜಿಪರ ಪಕ್ಷದ ನಾಯಕ ವಿಡ್ಕುನ್ ಕ್ವಿಸ್ಲಿಂಗ್ ರೇಡಿಯೋದಲ್ಲಿ ತಾನೇ ಪ್ರಧಾನಿ ಎಂದು ಘೋಷಿಸಿಕೊಂಡ. ಇಲ್ಲಿಂದ ಸಿಕ್ಕು ಶುರು. ಕ್ವಿಸ್ಲಿಂಗ್‌ನನ್ನು ಬದಿಗೆ ಸರಿಸಲು ಏಪ್ರಿಲ್ 15ರಂದು ಒಂದು ಆಡಳಿತ ಮಂಡಳಿ ರಚನೆಯಾಯಿತು. ಅದನ್ನು ನೇಮಿಸಿದ್ದು ಸುಪ್ರೀಂ ಕೋರ್ಟ್! ಸಂವಿಧಾನದ ಯಾವ ವಿಧಿಯೂ ನ್ಯಾಯಾಲಯಕ್ಕೆ ಅಂಥ ಅಧಿಕಾರ ಕೊಟ್ಟಿರಲಿಲ್ಲ. ತುರ್ತಿನ ಹೊತ್ತಿನಲ್ಲಿ ಅದು ಬುದ್ಧಿವಂತಿಕೆಯ ಹೆಜ್ಜೆಯೇ ಇರಬಹುದು. ಆದರೆ ನಾಡಿನ ಇನ್ನೊಂದು ಭಾಗದಲ್ಲಿ ರಾಜನ ಸೇನೆ ಹೋರಾಡುತ್ತಿರುವಾಗ ರಾಜಧಾನಿಯಲ್ಲಿ ಆಕ್ರಮಣಕಾರನಿಗೆ ಒಪ್ಪಿಗೆಯಾಗುವ ಆಡಳಿತವೊಂದು ನ್ಯಾಯಾಲಯದ ಮೊಹರಿನೊಂದಿಗೆ ಬಂದಂತಾಯಿತು. ಜೂನ್‌ನಲ್ಲಿ ರಾಜ ದೇಶ ಬಿಟ್ಟ ಮೇಲೆ, ಸಿಂಹಾಸನ ತ್ಯಜಿಸುವಂತೆ ಸಂಸತ್ತಿನ ಅಧ್ಯಕ್ಷಮಂಡಳಿಯೇ ಅವನನ್ನು ಕೇಳಿತು, ಅವನು ಒಪ್ಪಲಿಲ್ಲ. ಸೆಪ್ಟೆಂಬರ್ 25ರಂದು ಹಿಟ್ಲರನ ಪ್ರತಿನಿಧಿ ಟೆರ್ಬೋವನ್ ಆಡಳಿತ ಮಂಡಳಿಯನ್ನು ವಜಾ ಮಾಡಿ, ಕ್ವಿಸ್ಲಿಂಗ್‌ನ ಪಕ್ಷವೊಂದನ್ನು ಬಿಟ್ಟು ಉಳಿದೆಲ್ಲ ಪಕ್ಷಗಳನ್ನು ನಿಷೇಧಿಸಿದ. ನ್ಯಾಯಮೂರ್ತಿಗಳು ಆಗಲೂ ಪೀಠದಲ್ಲಿದ್ದರು.

ಅವರನ್ನು ಕೊನೆಗೂ ಕೆಣಕಿದ್ದು ಮೇಲ್ನೋಟಕ್ಕೆ ಸಣ್ಣದೆನಿಸುವ ಸುಗ್ರೀವಾಜ್ಞೆ. ವಿಚಾರಣೆಯಲ್ಲಿ ಕೂರುವ ಜನಸಾಮಾನ್ಯ ನ್ಯಾಯಾಧೀಶರು ಮತ್ತು ಜ್ಯೂರಿಗಳನ್ನು ನೇಮಿಸುವ, ತೆಗೆಯುವ ಅಧಿಕಾರವನ್ನು ನವೆಂಬರ್‌ನಲ್ಲಿ ನ್ಯಾಯ ಇಲಾಖೆ ತನ್ನ ಕೈಗೆ ತೆಗೆದುಕೊಂಡಿತು. ಕೋರ್ಟ್ ಪ್ರತಿಭಟಿಸಿತು. ಡಿಸೆಂಬರ್ 3ರ ಉತ್ತರದಲ್ಲಿ ಟೆರ್ಬೋವನ್, ತನ್ನ ಆಜ್ಞೆಗಳ ಸಿಂಧುತ್ವ ಪ್ರಶ್ನಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲವೆಂದ. ವಿವಾದದ ತಿರುಳು ಇದು. ಶಾಸನಗಳನ್ನು ಸಂವಿಧಾನದ ಒರೆಗೆ ಹಚ್ಚುವ ಪದ್ಧತಿ ನಾರ್ವೆಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಇತ್ತು. ಯುದ್ಧಕಾಲದ ನಡವಳಿಕೆ ಕುರಿತ 1907ರ ಅಂತರರಾಷ್ಟ್ರೀಯ ಹೇಗ್ ನಿಯಮಗಳ ಪ್ರಕಾರ, ನೆಲ ಗೆದ್ದವನೂ ಅನಿವಾರ್ಯವಲ್ಲದಿದ್ದರೆ ಅಲ್ಲಿನ ಕಾನೂನುಗಳನ್ನು ಮುರಿಯುವಂತಿಲ್ಲ. ಅನಿವಾರ್ಯವೇ ಅಲ್ಲವೇ ಎಂದು ತೂಗುವವರು ಯಾರು? ತಾವು ಎಂದರು ನ್ಯಾಯಮೂರ್ತಿಗಳು. ಆ ಅಧಿಕಾರವಿಲ್ಲದೆ ಹುದ್ದೆಯಲ್ಲಿ ಮುಂದುವರಿಯುವುದು ಸಾಧ್ಯವಿಲ್ಲವೆಂದು ಡಿಸೆಂಬರ್ 12ರಂದು ಪತ್ರ ಬರೆದು ಹೊರನಡೆದರು. ಖಾಲಿ ಪೀಠಗಳಿಗೆ ಹೊಸ ಆಡಳಿತ ತನ್ನವರನ್ನು ಕೂರಿಸಿತು.

ರಾಜೀನಾಮೆಯ ನಂತರದ ಶೆಲ್ಡೆರುಪ್ ನನಗೆ ಹೆಚ್ಚು ಕುತೂಹಲ ಹುಟ್ಟಿಸುತ್ತಾರೆ. 1941ರಲ್ಲಿ ರೂಪುಗೊಂಡ ‘ಕ್ರೆಟ್ಸೆನ್’ ಎಂಬ ಗುಪ್ತ ವಲಯದಲ್ಲಿ ಅವರೂ ಅವರ ಮುಖ್ಯ ನ್ಯಾಯಮೂರ್ತಿ ಪೋಲ್ ಬೆರ್ಗ್ ಅವರೂ ಇದ್ದರು. ಲಂಡನ್ನಿನಲ್ಲಿದ್ದ ಸರ್ಕಾರಕ್ಕೂ ಒಳನಾಡಿನ ಪ್ರತಿರೋಧಕ್ಕೂ ಅದು ಕೊಂಡಿ. 1942ರಲ್ಲಿ ಬಿಷಪ್‌ಗಳು ಹುದ್ದೆ ತೊರೆದರು, ಶಿಕ್ಷಕರು ನಾಜಿ ಸಂಘಕ್ಕೆ ಸೇರಲು ಒಪ್ಪದೆ ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಬಂಧನಕ್ಕೊಳಗಾದರು. ‘ಇಲ್ಲ’ ಎನ್ನಬಹುದು ಎಂಬುದನ್ನು ಮೊದಲು ತೋರಿಸಿದ್ದು ನ್ಯಾಯಾಲಯ ಎಂಬ ವಾದದಲ್ಲಿ ಹುರುಳಿದೆ. ಆದರೆ ಶಿಕ್ಷಕರು ತೆತ್ತ ಬೆಲೆ ದೊಡ್ಡದು: ನೂರಾರು ಮಂದಿಯನ್ನು ದೂರದ ಕಿರ್ಕೆನೆಸ್‌ಗೆ ಸಾಗಿಸಿ ದುಡಿಸಲಾಯಿತು.

ಯುದ್ಧ ಮುಗಿದ 1945ರಲ್ಲೇ ಶೆಲ್ಡೆರುಪ್ ಆ ಒಂದು ವರ್ಷದ ಕೋರ್ಟಿನ ಒಳಗತೆಯನ್ನು ಪುಸ್ತಕವಾಗಿಸಿದರು. ಪ್ರತಿರೋಧದ ಕುರಿತು ಇನ್ನೂ ಎರಡು ಪುಸ್ತಕಗಳು ಬಂದವು. 1955ರಲ್ಲಿ ಅವರು ತೀರಿಕೊಂಡರು. ಒಳಗಿದ್ದವರೇ ಬರೆದ ಕತೆಯಾದ್ದರಿಂದ ಡಿಸೆಂಬರ್ ತಿಂಗಳು ಜನರ ನೆನಪಿನಲ್ಲಿ ಗಟ್ಟಿಯಾಗಿ ಉಳಿಯಿತು, ಅದಕ್ಕೆ ಮೊದಲಿನ ತಿಂಗಳುಗಳು ಮಸುಕಾದವು ಎನಿಸುತ್ತದೆ. ಕೆಳಗಿನ ನ್ಯಾಯಾಲಯಗಳ ಬಹುಪಾಲು ನ್ಯಾಯಾಧೀಶರು ಮೇಲಿನವರನ್ನು ಹಿಂಬಾಲಿಸಲಿಲ್ಲ. ಆಸ್ತಿ ವ್ಯಾಜ್ಯ, ಕಳವು, ವಿಚ್ಛೇದನ ಎಂದು ದಿನದ ಕೆಲಸ ಮುಂದುವರಿಸಿದರು. ಅವರು ಜನರಿಗೆ ಕಾನೂನಿನ ಆಸರೆ ಉಳಿಸಿಕೊಟ್ಟರೋ ಆಕ್ರಮಣಕಾರನ ಆಡಳಿತಕ್ಕೆ ಮರ್ಯಾದೆ ತಂದುಕೊಟ್ಟರೋ ಎಂಬ ಚರ್ಚೆ ನಾರ್ವೆಯ ಕಾನೂನು ಪಂಡಿತರಲ್ಲಿ ಸ್ಟೇಟಿಂಡ್‌ನಷ್ಟು ಸುಲಭವಾಗಿ ಇತ್ಯರ್ಥವಾಗಿಲ್ಲ.